ಚಾರ್ಮಾಡಿ ಹತ್ತುವಾಗ ಪಿಕಪ್ ಮಾಯ: ರೀಮ್ಯಾಪ್ ಮಾಡಿಸಿದ ಡೀಸೆಲ್, ಟರ್ಬೊ ಹೋಯ್ತಾ?

ಮೂಡಿಗೆರೆ_ಡೀಸೆಲ್:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನನ್ನದು 2012ರ 1.6 ಲೀಟರ್ ಡೀಸೆಲ್ ಸೆಡಾನ್. ವಿಜಿಟಿ ಟರ್ಬೊ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನು, ಹೊಗೆಯ ದಾರಿ ಹಿಗ್ಗಿಸಿ ಕುಗ್ಗಿಸುವ ಥರದ್ದು), 6 ಗೇರ್. ಕಂಪನಿ ಹೆಸರು ಬರೆಯಲ್ಲ. ಬರೆದರೆ ಮೊದಲ ಹತ್ತು ಉತ್ತರ ಕಂಪನಿಯನ್ನು ಬೈಯೋದರಲ್ಲೇ ಮುಗಿಯುತ್ತೆ. 1 ಲಕ್ಷ 34 ಸಾವಿರ ಕಿ.ಮೀ. ಓಡಿದೆ. ಎರಡು ವರ್ಷದ ಹಿಂದೆ ಸ್ಟೇಜ್ 1 ರೀಮ್ಯಾಪ್ (ಪವರ್ ಜಾಸ್ತಿ ಮಾಡೋಕೆ ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಾವಣೆ, ಮೊದಲ ಹಂತ), ಕೋನ್ ಏರ್ ಫಿಲ್ಟರ್, ಇಂಟರ್‌ಕೂಲರ್‌ಗೆ (ಟರ್ಬೊದ ಬಿಸಿ ಗಾಳಿ ತಣ್ಣಗೆ ಮಾಡೋದು) ಸಿಲಿಕಾನ್ ಹೋಸ್ ಹಾಕಿಸಿದೆ.

ಬೆಳಿಗ್ಗೆ ಹೊರಟಾಗ ಗಾಡಿ ಕುದುರೆ. 20 ನಿಮಿಷ ಓಡಿ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಪಿಕಪ್ ಸತ್ತೇ ಹೋಗುತ್ತೆ. 2,500 ಆರ್‌ಪಿಎಂ ಒಳಗೆ ಏನೂ ಇಲ್ಲ. 3,000 ದಾಟಿದರೆ ಸ್ವಲ್ಪ ಜೀವ ಬರುತ್ತೆ. ಹೋದ ಭಾನುವಾರ ಧರ್ಮಸ್ಥಳದಿಂದ ವಾಪಸ್ ಬರುವಾಗ ಚಾರ್ಮಾಡಿಯಲ್ಲಿ ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ ಗಾಡಿ ತೆವಳುತ್ತಿತ್ತು. ಜನ ತುಂಬಿದ್ದ ಹಳೇ ಓಮ್ನಿಯೊಂದು ನನ್ನನ್ನು ಹಿಂದೆ ಹಾಕಿ ಹೋಯ್ತು. ಪಕ್ಕದಲ್ಲಿದ್ದ ಹೆಂಡತಿ ಏನೂ ಹೇಳಲಿಲ್ಲ. ರೀಮ್ಯಾಪ್‌ಗೆ ಎಷ್ಟು ಖರ್ಚಾಯ್ತು ಅಂತ ಅವಳಿಗೆ ಗೊತ್ತು.

ಚೆಕ್ ಇಂಜಿನ್ ಲೈಟ್ ಬಂದಿದೆ, ಕೋಡ್ ಪಿ0299. ಗ್ಯಾರೇಜ್‌ನವರು ಟರ್ಬೊದ ಶಾಫ್ಟ್ ಅಲ್ಲಾಡಿಸಿ ನೋಡಿ "ಪ್ಲೇ ಇದೆ ಸರ್, ಟರ್ಬೊ ಹೋಗಿದೆ" ಅಂದರು. ಹೊಸದಕ್ಕೆ 52 ಸಾವಿರ, ರೀಕಂಡಿಷನ್ ಆದರೆ 24 ಸಾವಿರ. ಹಾಕಿಸಲಾ?

ಗೇರ್_ಗೌಡ್ರು:
ಹಾಕಿಸಬೇಡಿ.

ನೈಟ್‌ಶಿಫ್ಟ್:
ಟರ್ಬೊ ಹೋಗಿದ್ದರೆ ಬೆಳಿಗ್ಗೆ ಮಾತ್ರ ಹೇಗೆ ಚೆನ್ನಾಗಿ ಓಡುತ್ತೆ ಗುರು? ಅದಕ್ಕೇನು ಮಾರ್ನಿಂಗ್ ಶಿಫ್ಟ್ ಮಾತ್ರ ಡ್ಯೂಟಿನಾ?

ಕರಾವಳಿ_ಕಾರು:
ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬ್ಲಾಕ್ ಆಗಿರಬಹುದು ಮಾರಾಯ್ರೆ. ನನ್ನ ಭಾವನ ಗಾಡಿಗೆ ಹೀಗೇ ಆಗಿತ್ತು.

ಗೇರ್_ಗೌಡ್ರು:
@ಕರಾವಳಿ_ಕಾರು 2012ರ ಗಾಡಿಗೆ ಎಲ್ಲಿಂದ ಡಿಪಿಎಫ್? ನಮ್ಮಲ್ಲಿ ಸಾಮಾನ್ಯ ಡೀಸೆಲ್ ಕಾರಿಗೆಲ್ಲ ಅದು ಬಂದಿದ್ದೇ 2020ರ ಏಪ್ರಿಲ್‌ನಲ್ಲಿ, ಬಿಎಸ್6 ಹೊಗೆ ನಿಯಮದ ಜೊತೆ. ಭಾವನ ಗಾಡಿ ಹೊಸದಿರಬೇಕು.

ಕರಾವಳಿ_ಕಾರು:
ಹೌದು, 2021. ತಪ್ಪಾಯ್ತು.

ಹಳೇ_ಸ್ಪ್ಯಾನರ್:
ಶಿವಮೊಗ್ಗದಲ್ಲಿ 31 ವರ್ಷ ಗ್ಯಾರೇಜ್ ನಡೆಸಿದವನು ನಾನು. ಈಗ ಮಗ ನೋಡಿಕೊಳ್ತಾನೆ. ಶಾಫ್ಟ್ ಪ್ಲೇ ಬಗ್ಗೆ ಎರಡು ಮಾತು.

ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತೆ. ಅದು ತೇಲೋದು ಆಯಿಲ್ ಪದರದ ಮೇಲೆ. ಇಂಜಿನ್ ನಿಂತಾಗ ಆ ಪದರದಲ್ಲಿ ಪ್ರೆಷರ್ ಇರಲ್ಲ. ಆಗ ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರೆ ಒಂಚೂರು ಆಡೋದು ಸಹಜ. ಹೊಸ ಟರ್ಬೊನೂ ಆಡುತ್ತೆ. ನೋಡಬೇಕಾದ್ದು ಎರಡು. ಶಾಫ್ಟನ್ನು ಒಳಗೆ ತಳ್ಳಿ ಹೊರಗೆ ಎಳೆದರೆ ಕೈಗೆ ಗೊತ್ತಾಗುವ ಹಾಗೆ ಆಡಬಾರದು. ಅಡ್ಡ ಒತ್ತಿ ತಿರುಗಿಸಿದರೆ ಫ್ಯಾನಿನ ರೆಕ್ಕೆ ಗೋಡೆಗೆ ತಾಗಬಾರದು. ತಾಗಿದ್ದರೆ ರೆಕ್ಕೆಯ ತುದಿ ಉಜ್ಜಿ ಹೊಳೆಯುತ್ತಿರುತ್ತೆ, ಟಾರ್ಚ್ ಬಿಟ್ಟರೆ ಕಾಣುತ್ತೆ. ಅದೆರಡೂ ಇಲ್ಲ ಅಂದ್ರೆ 52 ಸಾವಿರ ಮನೆಯಲ್ಲೇ ಇರಲಿ.

ಮೊದಲು ಹೋಸ್ ನೋಡಿ. ಹತ್ತರಲ್ಲಿ ಎಂಟು ಗಾಡಿಗೆ ಅದೇ.

ಟಾರ್ಕ್_ತಿಮ್ಮ:
ರೀಮ್ಯಾಪ್ ಮಾಡಿಸಿದ್ದೇ ತಪ್ಪು. ಕಂಪನಿಯವರು ದಡ್ಡರಾ?

ನೈಟ್‌ಶಿಫ್ಟ್:
ಬಂದ್ರಪ್ಪ.

ಬೂಸ್ಟ್‌ಅಕ್ಕ:
@ಟಾರ್ಕ್_ತಿಮ್ಮ ಎರಡು ವರ್ಷ ಚೆನ್ನಾಗಿ ಓಡಿದೆ, ಈಗಲೂ ತಣ್ಣಗಿದ್ದಾಗ ಚೆನ್ನಾಗಿದೆ. ಮ್ಯಾಪ್ ಫೈಲ್ ಬಿಸಿಲಿಗೆ ಕರಗಲ್ಲ. ಆದರೆ ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ರೀಮ್ಯಾಪ್ ಆದ ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ಜಾಸ್ತಿ ಬೂಸ್ಟ್ (ಟರ್ಬೊ ಒತ್ತುವ ಗಾಳಿ) ಕೇಳುತ್ತೆ. ಸ್ಟಾಕ್ (ಕಂಪನಿಯಿಂದ ಬಂದ ಹಾಗೇ ಇರುವ) ಗಾಡಿಯಲ್ಲಿ ಗೊತ್ತೇ ಆಗದ ಸಣ್ಣ ಲೀಕ್ ಇಲ್ಲಿ ಕೋಡ್ ಆಗಿ ಎದ್ದು ಬರುತ್ತೆ.

@ಮೂಡಿಗೆರೆ_ಡೀಸೆಲ್ ಪಿ0299 ಅಂದ್ರೆ "ಕೇಳಿದಷ್ಟು ಬೂಸ್ಟ್ ಸಿಗಲಿಲ್ಲ" ಅಂತ ಇಸಿಯು ಕೊಟ್ಟ ದೂರು ಅಷ್ಟೇ. ಯಾವ ಪಾರ್ಟ್ ಕೆಟ್ಟಿದೆ ಅಂತ ಅದು ಹೇಳಲ್ಲ. ಸ್ಕ್ಯಾನರ್ ಸಿಕ್ಕರೆ ನಾಲ್ಕು ಅಂಕಿ ಬರೆದುಕೊಂಡು ಬನ್ನಿ: ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಟರ್ಬೊ ಸೊಲೆನಾಯ್ಡ್ (ಟರ್ಬೊವನ್ನು ನಿಯಂತ್ರಿಸುವ ಕರೆಂಟ್ ವಾಲ್ವ್) ಎಷ್ಟು ಆನ್ ಇದೆ ಅನ್ನುವ ಡ್ಯೂಟಿ, ಆರ್‌ಪಿಎಂ. 4ನೇ ಗೇರ್, ಖಾಲಿ ರಸ್ತೆ, ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ. ನೀವು ಓಡಿಸುತ್ತಾ ಮೊಬೈಲ್ ನೋಡಬೇಡಿ. ತಣ್ಣಗಿದ್ದಾಗ ಒಂದು ಸಲ, ಬಿಸಿಯಾದ ಮೇಲೆ ಒಂದು ಸಲ.

ಹಳೇ_ಸ್ಪ್ಯಾನರ್:
ಅಕ್ಕನವರೇ, ಲಾಗ್ ಎಲ್ಲ ಆಮೇಲೆ. ಮೊದಲು ಕಿವಿ, ಕಣ್ಣು. ಹೋಸ್ ಜಾಯಿಂಟ್‌ನಲ್ಲಿ ಎಣ್ಣೆ ಕಲೆ ಕಂಡರೆ ಅಲ್ಲೇ ಗಾಳಿ ಸೋರುತ್ತಿದೆ ಅಂತ. ನಮ್ಮ ಕಾಲದಲ್ಲಿ ಸೋಪು ನೀರು, ಒಂದು ಬಟ್ಟೆ, ಅಷ್ಟರಲ್ಲೇ ಹಿಡೀತಿದ್ವಿ.

ಬೂಸ್ಟ್‌ಅಕ್ಕ:
ಸೋಪು ನೀರು ಬೇಡ ಅನ್ನಲಿಲ್ಲ ಮೇಷ್ಟ್ರೇ. ಎಲ್ಲಿ ಹಾಕಬೇಕು ಅಂತ ಲಾಗ್ ಹೇಳುತ್ತೆ.

ಹುಬ್ಬಳ್ಳಿ_ಹೈವೇ:
ಅಲ್ರೀ, ಕೋನ್ ಫಿಲ್ಟರ್ ಹಾಕ್ಯಾರಂತ ಯಾರೂ ನೋಡಲೇ ಇಲ್ಲೇನು? ಅದಕ್ಕೆ ಹಚ್ಚುವ ಎಣ್ಣೆ ಜಾಸ್ತಿ ಆದರೆ ಹಾರಿ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಮೇಲೆ ಕೂರುತ್ತೆ. ಆಮೇಲೆ ಗಾಳಿ ಎಷ್ಟು ಬರ್ತಿದೆ ಅಂತ ಇಸಿಯುಗೆ ಸುಳ್ಳು ಲೆಕ್ಕ ಹೋಗುತ್ತೆ. ಸಾಲದ್ದಕ್ಕೆ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತೆ. ದುಡ್ಡು ಕೊಟ್ಟು ಪಿಕಪ್ ಕಳೆದುಕೊಂಡ ಹಾಗೆ. ಸೆನ್ಸರ್ ತೊಳೆಯೋದಾದರೆ ಎಂಎಎಫ್ ಕ್ಲೀನರ್ ಸ್ಪ್ರೇ ಮಾತ್ರ ಹೊಡೀರಿ. ಕಾರ್ಬ್ ಕ್ಲೀನರ್ ಹೊಡೆದು ಕೆಡಿಸಿಕೊಂಡವನು ನಾನೇ ಇದ್ದೀನಿ.

ಪ್ಶ್‌ಪ್ಶ್_ಪ್ರಿಯ:
ಒಂದು ಬ್ಲೋ ಆಫ್ ವಾಲ್ವ್ ಹಾಕಿಸಿ ಬ್ರೋ, ಪ್ರೆಷರ್ ಸರಿಹೋಗುತ್ತೆ. ಸೌಂಡೂ ಸಖತ್.

ಗೇರ್_ಗೌಡ್ರು:
ಪೆಟ್ರೋಲ್ ಗಾಡಿಯಲ್ಲಿ ಥ್ರಾಟಲ್ ಟಪ್ ಅಂತ ಮುಚ್ಚಿದಾಗ ಗಾಳಿಗೆ ಜಾಗ ಬೇಕು, ಅದಕ್ಕೆ ಆ ವಾಲ್ವ್. ಡೀಸೆಲ್‌ನಲ್ಲಿ ಹಾಗೆ ಗಾಳಿ ಮುಚ್ಚಿ ಓಡಿಸೋದೇ ಇಲ್ಲ. ಅವರು ಗಾಳಿ ಸಾಕಾಗ್ತಿಲ್ಲ ಅಂತ ಅಳ್ತಿದ್ದಾರೆ, ನೀವು ಇನ್ನೊಂದು ತೂತು ಮಾಡಿ ಅಂತೀರಲ್ಲ.

ಮೂಡಿಗೆರೆ_ಡೀಸೆಲ್:
ಚಿಕ್ಕಮಗಳೂರಿನ ಗೆಳೆಯನ ಸ್ಕ್ಯಾನರ್ ತಂದೆ. ಎಂಎಎಫ್ ತೊಳೆದೆ, ಏನೂ ಬದಲಾಗಲಿಲ್ಲ. ಶಾಫ್ಟ್ ಒಳಗೆ ಹೊರಗೆ ಆಡಲ್ಲ, ರೆಕ್ಕೆ ತಾಗಿಲ್ಲ. ಮೇಷ್ಟ್ರಿಗೆ ಥ್ಯಾಂಕ್ಸ್.

4ನೇ ಗೇರ್, 2,000 ಆರ್‌ಪಿಎಂ. ತಣ್ಣಗಿದ್ದಾಗ ಕೇಳಿದ ಬೂಸ್ಟ್ 235 ಕಿಲೋಪ್ಯಾಸ್ಕಲ್, ಸಿಕ್ಕಿದ್ದು 233. ಬಿಸಿಯಾದ ಮೇಲೆ ಕೇಳಿದ್ದು 235, ಸಿಕ್ಕಿದ್ದು 150. ಸೊಲೆನಾಯ್ಡ್ ಡ್ಯೂಟಿ ಮೇಲಕ್ಕೆ ಹೋಗಿ ಅಲ್ಲೇ ನಿಂತಿತ್ತು. 3,400 ಹತ್ತಿರ 195 ಬಂತು.

ಒಂದು ಡೌಟು. 150 ಅಂದ್ರೆ ಒಂದೂವರೆ ಬಾರ್, ಅದೇನು ಕಮ್ಮಿನಾ? ಇನ್ನೊಂದು, ಇಂಜಿನ್ ಆಫ್ ಮಾಡಿ ಕೀ ಆನ್ ಇಟ್ಟರೆ ಎಂಎಪಿ (ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡ) 90 ತೋರಿಸುತ್ತೆ. 101 ಇರಬೇಕಲ್ಲ? ಸೆನ್ಸರ್ ಕೆಟ್ಟಿದೆಯಾ?

ಕರಾವಳಿ_ಕಾರು:
ನಂದು ಈಗಷ್ಟೇ ನೋಡಿದೆ, 101 ಇದೆ. ಸೆನ್ಸರ್ ಹೋಗಿದೆ ನಿಮ್ದು.

ಬೂಸ್ಟ್‌ಅಕ್ಕ:
ನೀವು ಸಮುದ್ರದ ಪಕ್ಕ ಕೂತಿದ್ದೀರಿ, ಅವರು ಘಟ್ಟದ ಮೇಲೆ! ಎತ್ತರ 100 ಮೀಟರ್ ಏರಿದರೆ ಗಾಳಿಯ ಒತ್ತಡ ಸುಮಾರು 1.2 ಕಿಲೋಪ್ಯಾಸ್ಕಲ್ ಇಳಿಯುತ್ತೆ. ಮೂಡಿಗೆರೆ ಕಡೆ 90, ಬೆಂಗಳೂರಲ್ಲಿ 91 ಆಸುಪಾಸು ಬರಬೇಕು. ಸೆನ್ಸರ್ ಸರಿಯಾಗಿದೆ ಅನ್ನೋದಕ್ಕೆ ಆ 90 ಸಾಕ್ಷಿ.

ಸ್ಕ್ಯಾನರ್ ತೋರಿಸೋದು ಒಟ್ಟು ಒತ್ತಡ. ಅದರಲ್ಲಿ ಹೊರಗಿನ ಗಾಳಿಯ 90 ಆಗಲೇ ಸೇರಿದೆ. ಟರ್ಬೊ ಸೇರಿಸಿದ್ದು ಬರೀ 60, ಅಂದ್ರೆ 9 ಪಿಎಸ್‌ಐ ಹತ್ತಿರ. ಬೇಕಾಗಿದ್ದು 145, ಅಂದ್ರೆ 21 ಪಿಎಸ್‌ಐ. ಅರ್ಧವೂ ಸಿಕ್ಕಿಲ್ಲ. ಓಮ್ನಿ ಹಿಂದೆ ಹಾಕಿದ್ದು ಸರಿಯೇ.

ಕರಾವಳಿ_ಕಾರು:
ಎರಡನೇ ಸಲ ತಪ್ಪಾಯ್ತು. ಚಹಾ ಕುಡಿದು ಬರ್ತೇನೆ.

ಹಳೇ_ಸ್ಪ್ಯಾನರ್:
ಹೊಗೆ ಹೇಗಿದೆ? ಕಪ್ಪು ಹೊಗೆ ಬುಸ್ ಅಂತ ಬರುತ್ತಾ? ಟರ್ಬೊ ಆದಮೇಲಿನ ಹೋಸ್ ಬಿಟ್ಟಿದ್ದರೆ ಅಳೆದ ಗಾಳಿ ದಾರಿಯಲ್ಲೇ ಸೋರಿ, ಡೀಸೆಲ್ ಜಾಸ್ತಿಯಾಗಿ ಕಪ್ಪು ಹೊಗೆ ಬರಬೇಕು. "ಶ್ಸ್ಸ್" ಅಂತ ಸದ್ದೂ ಬರಬೇಕು.

ಮೂಡಿಗೆರೆ_ಡೀಸೆಲ್:
ಹೊಗೆ ಅಷ್ಟೇನಿಲ್ಲ. ಸದ್ದೂ ಇಲ್ಲ. ಆದರೆ ಇಂಟರ್‌ಕೂಲರ್‌ನ ಕೆಳಗಿನ ಸಿಲಿಕಾನ್ ಹೋಸ್ ಕ್ಲಾಂಪ್ ಹತ್ತಿರ ಎಣ್ಣೆ ಜಿಡ್ಡು ಇದೆ.

ಹಳೇ_ಸ್ಪ್ಯಾನರ್:
ಸಿಕ್ತು ನೋಡಿ! ಪ್ರೆಷರ್ ಟೆಸ್ಟ್ ಮಾಡಿ. ಪಿವಿಸಿ ಪೈಪಿನ ಎಂಡ್ ಕ್ಯಾಪ್ ತಗೊಂಡು ನಡುವೆ ತೂತು ಮಾಡಿ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಕೊಡ್ತಾರೆ. ಏರ್ ಫಿಲ್ಟರ್ ಬಿಚ್ಚಿ ಟರ್ಬೊಗೆ ಹೋಗುವ ಹೋಸಿನ ಬಾಯಿಗೆ ಈ ಕ್ಯಾಪ್ ಹಾಕಿ ಕ್ಲಾಂಪ್ ಬಿಗಿ ಮಾಡಿ. 10 ಪಿಎಸ್‌ಐ ಗಾಳಿ ಬಿಡಿ, 15 ದಾಟಬೇಡಿ. ಇಂಜಿನ್ನಿಂದ ಬರುವ ಬ್ರೀದರ್ ಪೈಪ್ ಬಿಚ್ಚಿ ಅದರ ತೂತು ಮುಚ್ಚಿ, ಇಲ್ಲದಿದ್ದರೆ ಗಾಳಿ ಕ್ರ್ಯಾಂಕ್‌ಕೇಸ್ ಸೇರಿ ಆಯಿಲ್ ಸೀಲಿಗೆ ಕುತ್ತು. ಮತ್ತೆ ಕ್ಯಾಪಿನ ಎದುರು ಮುಖ ಇಟ್ಟು ನಿಲ್ಲಬೇಡಿ. ಕಿತ್ತುಕೊಂಡು ಬಂದರೆ ಹಲ್ಲು ಹೋಗುತ್ತೆ.

ನೈಟ್‌ಶಿಫ್ಟ್:
ಕೊನೇ ಸಾಲು ಅನುಭವದಿಂದ ಬಂದಿದ್ದಾ ಮೇಷ್ಟ್ರೇ?

ಹಳೇ_ಸ್ಪ್ಯಾನರ್:
ನನ್ನದಲ್ಲ, ಕೆಲಸದ ಹುಡುಗನದು. ಅರ್ಧ ಹಲ್ಲು.

ಬೂಸ್ಟ್‌ಅಕ್ಕ:
ಆ ಹೋಸ್ ಸರಿ ಮಾಡಿಸಿ, ಆದರೆ ನನಗೆ ಅದು ಮುಖ್ಯ ಕಾರಣ ಅನ್ನಿಸ್ತಿಲ್ಲ. ಹೋಸ್ ಲೀಕ್ ಇದ್ದರೆ ಮೇಲಿನ ಆರ್‌ಪಿಎಂನಲ್ಲೂ ಒದ್ದಾಡಬೇಕು. ಇಲ್ಲಿ 3,000 ಮೇಲೆ ಜೀವ ಬರುತ್ತೆ. ಅದೇ ಸುಳಿವು.

ವಿಜಿಟಿ ಟರ್ಬೊದ ಒಳಗೆ ಕಿಟಕಿಯ ಪಟ್ಟಿಗಳ ಥರ ಸಣ್ಣ ಸಣ್ಣ ವೇನ್ ಇರುತ್ತವೆ. ಕಮ್ಮಿ ಆರ್‌ಪಿಎಂನಲ್ಲಿ ಅವು ಹತ್ತಿರ ಹತ್ತಿರ ಮುಚ್ಚಿಕೊಂಡು ಹೊಗೆಯನ್ನು ಸಂದಿಯಲ್ಲಿ ನುಗ್ಗಿಸುತ್ತವೆ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ ಹಾಗೆ. ಇವರ ಥರದ ಗಾಡಿಯಲ್ಲಿ ವೇನ್ ಎಳೆದು ಮುಚ್ಚೋದು ವ್ಯಾಕ್ಯೂಮ್ (ಪಂಪ್ ಗಾಳಿ ಹೀರುವ ಸೆಳೆತ). ಅದು ತಪ್ಪಿದರೆ ವೇನ್ ತೆರೆದೇ ಉಳಿಯುತ್ತೆ. ಕೆಳಗೆ ಏನೂ ಇರಲ್ಲ, ಮೇಲೆ ಹೊಗೆಯ ರಭಸಕ್ಕೆ ಸ್ವಲ್ಪ ಬರುತ್ತೆ. ಮಸಿ ಕಟ್ಟಿ ಮುಚ್ಚಿದ ಕಡೆಯೇ ಅಂಟಿಕೊಂಡಿದ್ದರೆ ಉಲ್ಟಾ ಆಗಬೇಕಿತ್ತು. ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಜಾಸ್ತಿಯಾಗಿ ಪಿ0234 ಬರ್ತಿತ್ತು.

ಟರ್ಬೊ ಪಕ್ಕ ಲೋಹದ ಡಬ್ಬಿ (ಆಕ್ಚುವೇಟರ್) ಇದೆ, ಅದರಿಂದ ಬೆರಳುದ್ದದ ರಾಡ್ ಬಂದಿರುತ್ತೆ. ರಾಡಿಗೆ ವೈಟ್‌ನರ್‌ನಿಂದ ಒಂದು ಚುಕ್ಕೆ ಇಡಿ. ಮೊಬೈಲ್ ವಿಡಿಯೊ ಆನ್ ಮಾಡಿ ಯಾರಿಗಾದರೂ ಗಾಡಿ ಸ್ಟಾರ್ಟ್ ಮಾಡೋಕೆ ಹೇಳಿ. ರಾಡ್ ಒಳಕ್ಕೆ ಎಳೆದುಕೊಳ್ಳಬೇಕು, ಆಫ್ ಮಾಡಿದರೆ ವಾಪಸ್ ಬರಬೇಕು. ಇದನ್ನೂ ತಣ್ಣಗೆ ಒಂದು ಸಲ, ಬಿಸಿಗೆ ಒಂದು ಸಲ.

ಟಾರ್ಕ್_ತಿಮ್ಮ:
ಇಜಿಆರ್ ವಾಲ್ವ್ (ಹೊಗೆಯ ಒಂದು ಭಾಗ ಮತ್ತೆ ಇಂಜಿನ್‌ಗೇ ಕಳಿಸೋದು) ತೆರೆದೇ ಅಂಟಿಕೊಂಡಿದ್ದರೂ ಹೀಗೇ ಆಗುತ್ತೆ. ಅದನ್ನು ಮುಚ್ಚಿಸಿಬಿಡಿ, ತಲೆನೋವೇ ಇಲ್ಲ.

ಬೂಸ್ಟ್‌ಅಕ್ಕ:
ಆಗಬಹುದು, ಆದರೆ ಆಗ ಕಪ್ಪು ಹೊಗೆ ಜಾಸ್ತಿ ಬರುತ್ತೆ. ಅವರಿಗೆ ಇಲ್ಲ. ಇಜಿಆರ್ ಮುಚ್ಚೋದು ಬೇಡ. ಹಿಂದೆ ಬರುವವರೂ ಉಸಿರಾಡಬೇಕಲ್ಲ.

ಲಾ_ಪಾಯಿಂಟ್:
ವಿಷಯ ಬೇರೆ, ಕ್ಷಮಿಸಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಓದಿದ್ದೀರಾ? ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ನಾಳೆ ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ನವರು ಇದನ್ನೇ ಹಿಡಿದು ಎಳೆದಾಡಬಹುದು.

ಮೂಡಿಗೆರೆ_ಡೀಸೆಲ್:
@ಲಾ_ಪಾಯಿಂಟ್ ಗೊತ್ತು ಸರ್. ಮುಂದಿನ ಗಾಡಿ ಸ್ಟಾಕ್ ಇಡ್ತೀನಿ ಅಂತ ಮನೆಯಲ್ಲಿ ಆಣೆ ಆಗಿದೆ.

ಮೂಡಿಗೆರೆ_ಡೀಸೆಲ್:
ಅಪ್‌ಡೇಟ್. ಪ್ರೆಷರ್ ಟೆಸ್ಟ್ ಮಾಡಿದೆ. ಕೆಳಗಿನ ಹೋಸಿನಲ್ಲಿ ಸಣ್ಣ ಗುಳ್ಳೆ ಬಂತು. ಕ್ಲಾಂಪ್ ಪೈಪಿನ ಉಬ್ಬಿನ ಮೇಲೇ ಕೂತಿತ್ತು. ಉಬ್ಬು ದಾಟಿಸಿ ಹಿಂದಕ್ಕೆ ತಳ್ಳಿ, ಟಿ ಬೋಲ್ಟ್ ಕ್ಲಾಂಪ್ ಹಾಕಿದೆ. ಗುಳ್ಳೆ ನಿಂತಿತು. ಓಡಿಸಿದರೆ 150 ಹೋಗಿ 156 ಆಯ್ತು, ಅಷ್ಟೇ.

ಆಮೇಲೆ ವಿಡಿಯೊ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬಿಳಿ ಚುಕ್ಕೆ ಸರಕ್ಕನೆ ಒಂದು ಸೆಂಟಿಮೀಟರ್ ಮೇಲೆ ಹೋಯ್ತು. ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ವಾಪಸ್ ಬಂದು, ಇಂಜಿನ್ ಬಿಸಿ ಇರುವಾಗಲೇ ನೋಡಿದರೆ ಅರ್ಧ ಹೋಗಿ ನಡುಗುತ್ತಾ ನಿಂತಿದೆ!

ಬೂಸ್ಟ್‌ಅಕ್ಕ:
ಟರ್ಬೊ ಚೆನ್ನಾಗಿದೆ ಅನ್ನಿಸ್ತಿದೆ. ಒಂದೇ ಅನುಮಾನ, ಬಿಸಿಗೆ ವೇನ್ ಬಿಗಿಯಾಗ್ತಿರಬಹುದು. ಕೈ ವ್ಯಾಕ್ಯೂಮ್ ಪಂಪ್ ಸಿಕ್ಕರೆ ನೇರ ಆಕ್ಚುವೇಟರ್‌ಗೆ ಕೊಟ್ಟು ಎಳೆಯಿರಿ, ಬಿಸಿಯಲ್ಲೇ. ರಾಡ್ ನಯವಾಗಿ ಹೋಗಿ ಒಂದು ನಿಮಿಷ ಅಲ್ಲೇ ನಿಂತರೆ ಟರ್ಬೊ, ಆಕ್ಚುವೇಟರ್ ಎರಡೂ ನಿರಪರಾಧಿ.

ಮೂಡಿಗೆರೆ_ಡೀಸೆಲ್:
ಅದನ್ನು ಗ್ಯಾರೇಜ್‌ನವರೇ ಮಾಡಿದರು, ನಾನು ಬಿಸಿ ಗಾಡಿ ತಗೊಂಡು ಹೋಗಿದ್ದೆ. ನಯವಾಗಿ ಹೋಯ್ತು, ನಿಂತಿತು. "ಆದ್ರೂ ಟರ್ಬೊ ಬದಲಿಸಿದ್ರೆ ಸೇಫ್ ಸರ್" ಅಂದರು.

ಗೇರ್_ಗೌಡ್ರು:
ಯಾರಿಗೆ ಸೇಫು?

ಹಳೇ_ಸ್ಪ್ಯಾನರ್:
ಹಾಗಾದರೆ ಇನ್ನು ಉಳಿದಿದ್ದು ವ್ಯಾಕ್ಯೂಮ್ ಪಂಪು, ಸೊಲೆನಾಯ್ಡು, ನಡುವಿನ ಸಣ್ಣ ಪೈಪುಗಳು. ನಾನು ಸೋತೆ, ಅಕ್ಕ ಗೆದ್ದರು. ಬ್ರೇಕ್ ಪೆಡಲ್ ಬಿಸಿಯಾದಾಗ ಗಟ್ಟಿಯಾಗುತ್ತಾ? ಬ್ರೇಕ್ ಬೂಸ್ಟರ್‌ಗೂ ಅದೇ ಪಂಪ್. ಬ್ರೇಕ್ ಮೆತ್ತಗೆ ಸರಿಯಾಗಿದ್ದರೆ ಪಂಪ್ ಚೆನ್ನಾಗಿದೆ ಅಂತ ಇಟ್ಟುಕೊಳ್ಳಿ. ಸೊಲೆನಾಯ್ಡಿಗೆ ಚಿಕ್ಕ ಫಿಲ್ಟರ್ ಇದ್ದರೆ ಧೂಳು ಕಟ್ಟಿದೆಯಾ ನೋಡಿ.

ಈ ಪೈಪಿಗೆ ಸೋಪು ನೀರು ಬಿಡಬೇಡಿ ಮತ್ತೆ. ಇಲ್ಲಿ ಗಾಳಿ ಹೊರಗೆ ಬರಲ್ಲ, ಒಳಗೆ ಎಳೆಯುತ್ತೆ. ಗುಳ್ಳೆ ಬರೋ ಬದಲು ಸೋಪು ನೀರೇ ಒಳಗೆ ಹೋಗುತ್ತೆ. ಊದುಬತ್ತಿ ಹಚ್ಚಿ.

ನೈಟ್‌ಶಿಫ್ಟ್:
ಪೂಜೆನಾ?

ಹಳೇ_ಸ್ಪ್ಯಾನರ್:
ಟೆಸ್ಟು. ಇಂಜಿನ್ ಆನ್ ಇರುವಾಗ ಊದುಬತ್ತಿಯ ಹೊಗೆಯನ್ನು ಪೈಪಿನುದ್ದಕ್ಕೂ ನಿಧಾನ ತಗೊಂಡು ಹೋಗಿ. ತೂತು ಇದ್ದ ಕಡೆ ಹೊಗೆ ಬಾಗಿ ಒಳಗೆ ಹೋಗುತ್ತೆ. ರೇಡಿಯೇಟರ್ ಫ್ಯಾನ್ ತಿರುಗುವಾಗ ಆಗಲ್ಲ, ಅದು ನಿಂತಾಗ ನೋಡಿ. ಉದ್ದ ತೋಳಿನ ಅಂಗಿ ಬೇಡ, ಬೆಲ್ಟ್ ಹತ್ತಿರ ಕೈ ಬೇಡ.

ಹುಬ್ಬಳ್ಳಿ_ಹೈವೇ:
ಪೆಟ್ರೋಲ್ ಗಾಡಿಯವರು ಇದನ್ನು ಓದಿ ಬಾನೆಟ್ ಒಳಗೆ ಊದುಬತ್ತಿ ಹಚ್ಚಬೇಡ್ರೀ ಮತ್ತ! ಡೀಸೆಲ್ ಆದರೂ ಇಂಧನ ಸೋರಿದ್ದು ಕಂಡರೆ ಬೇಡ.

ಮೂಡಿಗೆರೆ_ಡೀಸೆಲ್:
ಸಿಕ್ತು ಸಿಕ್ತು ಸಿಕ್ತು.

ಬ್ರೇಕ್ ಸರಿ ಇತ್ತು. ದೇವರ ಮನೆಯಿಂದ ಎರಡು ಊದುಬತ್ತಿ ತಂದೆ. ಸೊಲೆನಾಯ್ಡಿನಿಂದ ಆಕ್ಚುವೇಟರ್‌ಗೆ ಹೋಗುವ ಕಪ್ಪು ರಬ್ಬರ್ ಪೈಪು, ಇಂಜಿನ್ ಹಿಂದೆ ಒಂದು ಕ್ಲಿಪ್ಪಿನ ಕೆಳಗೆ ನುಸುಳುತ್ತೆ. ಅಲ್ಲಿಗೆ ಬಂದಾಗ ಹೊಗೆಯ ಎಳೆ ನೆಟ್ಟಗೆ ಮೇಲೆ ಹೋಗ್ತಿದ್ದದ್ದು ಥಟ್ಟನೆ ಅಡ್ಡ ಬಾಗಿ ಮಾಯ ಆಯ್ತು. ಕಿವಿ ಹತ್ತಿರ ಇಟ್ಟರೂ ಸದ್ದಿಲ್ಲ. ಪೈಪ್ ಬಿಚ್ಚಿ ತಿರುಗಿಸಿ ನೋಡಿದರೆ ಹೊಟ್ಟೆಯ ಕಡೆ ಎರಡು ಸಾಲು ಪುಟ್ಟ ಹಲ್ಲಿನ ಗುರುತು, ಅದರಲ್ಲಿ ಒಂದು ಆರ್ ಪಾರ್! ತಣ್ಣಗಿದ್ದಾಗ ರಬ್ಬರ್ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿರುತ್ತೆ. ಬಿಸಿಗೆ ಮೆತ್ತಗಾಗಿ ತೆರೆದುಕೊಳ್ಳುತ್ತೆ.

ಇಲಿ. 52 ಸಾವಿರದ ಟರ್ಬೊ ಕಾಯಿಲೆ ಒಂದು ಇಲಿ.

ನೈಟ್‌ಶಿಫ್ಟ್:
ಸ್ಟೇಜ್ 2 ಮಾಡಿದ್ದು ಇಲಿ.

ಗೇರ್_ಗೌಡ್ರು:
ತೋಟದ ಮನೆಯವರಿಗೆ ಇದು ಮುಗಿಯದ ಕಥೆ. ಹೊಗೆಸೊಪ್ಪಿನ ಎಲೆ ಬಟ್ಟೆಯಲ್ಲಿ ಕಟ್ಟಿ ಬ್ಯಾಟರಿ ಪಕ್ಕ ಇಡಿ.

ಕರಾವಳಿ_ಕಾರು:
ನಾನು ನುಸಿ ಗುಳಿಗೆ ಇಟ್ಟಿದ್ದೆ. ಇಲಿ ಹೋಗಲಿಲ್ಲ, ಎಸಿ ಹಾಕಿದರೆ ನಮಗೇ ತಲೆನೋವು. ಈ ಸಲ ತಪ್ಪು ಹೇಳಿಲ್ಲ ಅಲ್ವಾ?

ಟಾರ್ಕ್_ತಿಮ್ಮ:
ಬೆಕ್ಕು ಸಾಕಿ.

ಹುಬ್ಬಳ್ಳಿ_ಹೈವೇ:
ನಮ್ಮ ಓಣಿಯ ಬೆಕ್ಕು ಬಾನೆಟ್ ಮೇಲೆ ಮಲಗುತ್ತೆ, ಇಲಿ ಒಳಗೆ ಮಲಗುತ್ತೆ. ಇಬ್ಬರಿಗೂ ಒಪ್ಪಂದ ಆಗೈತಿ.

ಬೂಸ್ಟ್‌ಅಕ್ಕ:
ಹೊಸ ಪೈಪ್ ಹಾಕುವಾಗ ವಿಂಡ್‌ಶೀಲ್ಡ್ ವಾಷರ್ ಪೈಪ್ ಹಾಕಿಸಿಕೊಳ್ಳಬೇಡಿ. ವ್ಯಾಕ್ಯೂಮ್‌ಗೆ ಅದು ಚಪ್ಪಟೆಯಾಗುತ್ತೆ, ಬಿಸಿಗೂ ತಡೆಯಲ್ಲ. ವ್ಯಾಕ್ಯೂಮ್ ಹೋಸ್ ಅಂತಲೇ ಕೇಳಿ. ಹಳೇ ತುಂಡು ಜೇಬಲ್ಲಿ ಇಟ್ಟುಕೊಂಡು ಹೋಗಿ, ಒಳಗಿನ ಅಳತೆ ಅದೇ ಇರಬೇಕು. ಒಂದು ತೂತು ಸಿಕ್ಕಿತು ಅಂತ ನಿಲ್ಲಬೇಡಿ, ಪಂಪಿನಿಂದ ಬರುವ ಪೈಪನ್ನೂ ಬದಲಿಸಿ.

ಮೂಡಿಗೆರೆ_ಡೀಸೆಲ್:
ಬೆಂಗಳೂರಿಗೆ ಹೋಗಿದ್ದ ತಮ್ಮ ಜೆ.ಸಿ. ರಸ್ತೆಯಿಂದ 3 ಮೀಟರ್ ತಂದ. ಮೀಟರಿಗೆ 180, ಒಟ್ಟು 540 ರೂಪಾಯಿ. ಎಲ್ಲ ಪೈಪ್ ಬದಲಿಸಿದೆ, ಮುಕ್ಕಾಲು ಗಂಟೆ ಕೆಲಸ. ಬಿಸಿ ಇಂಜಿನ್, 4ನೇ ಗೇರ್, 2,000 ಆರ್‌ಪಿಎಂ: ಕೇಳಿದ್ದು 235, ಸಿಕ್ಕಿದ್ದು 234. ಕೋಡ್ ಅಳಿಸಿದೆ, ನಾಲ್ಕು ದಿನ ಆಯ್ತು, ವಾಪಸ್ ಬಂದಿಲ್ಲ.

ನಿನ್ನೆ ಉಜಿರೆಗೆ ಇಳಿದು ಚಾರ್ಮಾಡಿ ಹತ್ತಿದೆ. 3ನೇ ಗೇರ್‌ನಲ್ಲೇ ಎಳೆಯಿತು. ಓಮ್ನಿ ಯಾವುದೂ ಸಿಗಲಿಲ್ಲ, ಅದೊಂದು ಬೇಜಾರು.

ಹಳೇ_ಸ್ಪ್ಯಾನರ್:
ಸಂತೋಷ. ಆ ಸಿಲಿಕಾನ್ ಹೋಸಿನ ಒಳಗೆ ಎಣ್ಣೆ ತಡೆಯುವ ಪದರ ಇದೆಯಾ ನೋಡಿಸಿ. ಇಲ್ಲದಿದ್ದರೆ ಟರ್ಬೊದಿಂದ ಬರುವ ಎಣ್ಣೆ ಹೀರಿ ಹೀರಿ ಮೆತ್ತಗಾಗುತ್ತೆ. ಮುಂದಿನ ಮಳೆಗಾಲದೊಳಗೆ ಬಿಡುತ್ತೆ.

ಮೂಡಿಗೆರೆ_ಡೀಸೆಲ್:
ಸರಿ ಮೇಷ್ಟ್ರೇ, ಈ ವಾರ ನೋಡ್ತೀನಿ. ಬಾನೆಟ್ ತೆರೆದರೆ ದೇವಸ್ಥಾನದ ವಾಸನೆ ಬರುತ್ತೆ ಅಂತ ಅಮ್ಮ ಕೇಳ್ತಿದ್ದಾರೆ. ಇನ್ನೂ ಹೇಳಿಲ್ಲ.

ಹೊಸಬ_77:
ಅಣ್ಣ, ನನ್ನದು ಟರ್ಬೊ ಪೆಟ್ರೋಲ್, ಪಿಕಪ್ ಇದೆ, ಆದರೆ 2ನೇ ಗೇರಲ್ಲಿ ವಿಸಿಲ್ ಬರುತ್ತೆ. ಇದಕ್ಕೂ ಊದುಬತ್ತಿ ಹಚ್ಚಬಹುದಾ?

ಹುಬ್ಬಳ್ಳಿ_ಹೈವೇ:
ಬೇಡಪ್ಪಾ ಬೇಡ! ಮೇಲೆ ನಾನು ಬರೆದದ್ದು ಓದು ಮೊದಲು.